ಮೇಲಿನಿಂದ ಕಂಡ ಹಿತ್ತಲು

ಯೇನಾ, ಜರ್ಮನಿ,
ಸೆಪ್ಟೆಂಬರ್ 3, 2023

ಅವ್ವಾ,

ನಿನ್ನ ಶ್ರೀದೇವಿಯ ನಮಸ್ಕಾರ. ಕಾಗದ ತಡವಾಯಿತು, ಸಿಟ್ಟಾಗಬೇಡ. ‘ಫೋನಿನ್ಯಾಗಿನ ಮಾತು ತಲಿದಿಂಬಿನ ಕೆಳಗ ಇಟ್ಕೊಳ್ಳಾಕ ಬರ್ತೈತೇನು?’ ಎಂದು ನೀನು ಬೈದ ಮೇಲೂ ಪೆನ್ನು ಹಿಡಿಯಲು ಮನಸ್ಸಾಗಲಿಲ್ಲ. ನಾವು ಕ್ಷೇಮ. ನಿನ್ನ ಅಳಿಯ ರೊಟ್ಟಿ ಬಡಿಯುತ್ತೇನೆಂದು ಹೊರಟು ನೀನು ಕಳಿಸಿದ ಹಿಟ್ಟನ್ನೆಲ್ಲ ಹಾಳು ಮಾಡಿದರು.

‘ಕುಂತಲ್ಲೇ ಯುದ್ಧ ನೋಡೋ ನೌಕರಿ’ ಎಂದು ನಗುತ್ತೀಯಲ್ಲ, ಅದೇ ನಡೆದಿದೆ. ಉಕ್ರೇನಿನ ಸೈನ್ಯ ಕಳೆದುಕೊಂಡ ನೆಲವನ್ನು ಎಷ್ಟು ಮರಳಿ ಪಡೆಯಿತು ಎಂದು ಉಪಗ್ರಹದ ಚಿತ್ರ ನೋಡಿ ವಾರವಾರ ವರದಿ ಬರೆಯುತ್ತೇನೆ. ಈ ವಾರ ಎರಡು ಕಿಲೋಮೀಟರ್ ಮುಂದೆ ಬಂದಿದೆ. ಹಲೀನಾಳ ಊರು ಇನ್ನೊಂದೇ ದಿಬ್ಬದಾಚೆ. ಆಫೀಸಿನಲ್ಲಿ ಕೇಕ್ ಕತ್ತರಿಸಿದರು.

ಹಲೀನಾ, ಅದೇ ನಮ್ಮ ಕೆಳಗಿನ ಮನೆಯವಳು. ಯುದ್ಧ ಶುರುವಾದಾಗ ಅವಳು ಇಲ್ಲಿಗೆ ಓಡಿಬಂದಳು, ತಾಯಿ ಊರು ಬಿಡಲಿಲ್ಲ. ಚಳಿಗಾಲದಿಂದ ಫೋನೂ ಇಲ್ಲ. ಜೂನ್‌ನಲ್ಲಿ ಆ ಊರಿನ ಚಿತ್ರ ತೆರೆದರೆ ಎಲ್ಲ ಒಣಗಿ, ಅವರ ಹಿತ್ತಲು ಮಾತ್ರ ಹಸಿರಾಗಿತ್ತು. ನಿನಗೆ ಹೇಳಿದಾಗ ಏನೆಂದೆ, ನೆನಪಿದೆಯಾ? ‘ಬ್ಯಾಸಗ್ಯಾಗ ಹಸರ ಐತಿ ಅಂದ್ರ ಮುದುಕಿ ನೀರ ಹಾಕಾಕತ್ತಾಳ. ಜೀವಂತ ಅದಾಳ, ಹೋಗಿ ಹೇಳು.’ ಹೇಳಿದೆ. ಅವಳು ಮೆಟ್ಟಿಲ ಮೇಲೆ ಕೂತು ಅತ್ತಳು, ನಕ್ಕಳು. ಅಂದಿನಿಂದ ಪ್ರತಿ ಶುಕ್ರವಾರ ಬಾಗಿಲು ಬಡಿದು ಒಂದೇ ಮಾತು ಕೇಳುತ್ತಾಳೆ: ‘ಗ್ರ್ಯೂನ್?’ ಹಸಿರಿದೆಯಾ ಎಂದು.

ಮೇಲಿನಿಂದ ನೋಡಿದರೆ ಯುದ್ಧಕ್ಕೆ ಸದ್ದೇ ಇಲ್ಲ ಅವ್ವಾ. ಹೊಲಗಳು ನಿದ್ದೆ ಹೋಗಿರುತ್ತವೆ, ಹೊಗೆ ಮೆಲ್ಲಗೆ ಸರಿಯುತ್ತದೆ. ಕನಸಿನಲ್ಲಿ ನಾನೂ ಅವುಗಳ ಮೇಲೆ ತೇಲುತ್ತಿರುತ್ತೇನೆ. ಕೆಳಗೆ ಆ ಹಿತ್ತಲಲ್ಲಿ ನೀನು ಸೀರೆ ಎತ್ತಿ ಕಟ್ಟಿ ನೀರು ಹಾಕುತ್ತಿರುತ್ತೀ. ಕೂಗಿದರೆ ನಿನಗೆ ಕೇಳುವುದಿಲ್ಲ.

ಮೊನ್ನೆ ಫೋನಿನಲ್ಲಿ ‘ಹಿತ್ತಲಾ ಹ್ಯಾಂಗೈತಿ?’ ಎಂದು ನೀನೂ ಕೇಳಿದೆ. ನಾನು ರೊಟ್ಟಿಯ ಮಾತು ತೆಗೆದೆ.

ಮೊಣಕಾಲಿಗೆ ಎಣ್ಣೆ ಹಚ್ಚಿಕೋ. ಅಣ್ಣನ ಮಗಳು ಪವಿಗೆ ನನ್ನ ಆಶೀರ್ವಾದ ಹೇಳು, ನಿನ್ನದು ನನ್ನ ತಲೆಯ ಮೇಲಿರಲಿ.

ನಿನ್ನ ಮಗಳು,
ಶ್ರೀದೇವಿ

ತಾ.ಕ.: ಹಿತ್ತಲು ಒಣಗಿ ಮೂರು ವಾರವಾಯಿತು ಅವ್ವಾ. ಮೋಡ ಮುಸುಕಿತ್ತು, ಚಿತ್ರ ಸರಿಯಾಗಿ ಬಂದಿಲ್ಲ ಎಂದು ಹಲೀನಾಳಿಗೆ ಹೇಳುತ್ತ ಬಂದೆ. ಈ ಶುಕ್ರವಾರ ಅವಳು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. ‘ನಮ್ಮೂರಲ್ಲಿ ಈ ದಿನಗಳಲ್ಲಿ ಮೋಡ ಇರೋದಿಲ್ಲ’ ಎಂದಳು. ಏನೋ ಹೇಳಲು ಹೋದೆ. ಅಂಗೈಯಿಂದ ನನ್ನ ಬಾಯಿ ಮುಚ್ಚಿ, ‘ಮುಂದಿನ ಶುಕ್ರವಾರವೂ ಬರ್ತೇನೆ. ಮೋಡ ಇದೆ ಅಂತ್ಲೇ ಹೇಳು’ ಎಂದಳು.