ತೋಟ ಬಿಟ್ಟಿದೆ

॥ ಶ್ರೀ ಗುರುಬಸವಲಿಂಗಾಯ ನಮಃ ॥

ತೋಟದ ಮನೆ, ಶನಿವಾರಸಂತೆ
9-4-2025, ಬುಧವಾರ

ಪ್ರಿಯ ವಿಶಾಲೂಗೆ,

ಮದುವೆಯಾದ ಹೊಸದರಲ್ಲಿ ನೀನು ತವರಿಗೆ ಹೋದಾಗಲೆಲ್ಲ ನಿನಗೆ ಕಾಗದ ಬರೆಯುತ್ತಿದ್ದೆ. "ಸೌಭಾಗ್ಯವತಿ ವಿಶಾಲಾಕ್ಷಿಗೆ ರೇವಣ್ಣ ಮಾಡುವ ಆಶೀರ್ವಾದಗಳು" ಎಂದು ದೊಡ್ಡ ಮನುಷ್ಯನ ಹಾಗೆ ಶುರು ಮಾಡುತ್ತಿದ್ದೆ. ಇವತ್ತು ಆಶೀರ್ವಾದ ಮಾಡಲು ಕೈ ಏಳಲಿಲ್ಲ, ಅದಕ್ಕೇ ಬರೀ ಹೆಸರು ಬರೆದಿದ್ದೇನೆ. ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸು. ನೀನು ಮಗಳ ಮನೆಗೆ ಹೋದಾಗಿನಿಂದ ದಿನಾ ಫೋನ್ ಮಾಡುತ್ತಿದ್ದೇನಲ್ಲ, ಇವತ್ತಲ್ಲ ನಾಳೆ ತೆಗೆಯುತ್ತೀಯ ಅಂದುಕೊಂಡಿದ್ದೆ. ನಮ್ಮ ಅಮೃತಾ ಪ್ರತಿ ಸಲವೂ "ಅಮ್ಮ ಸ್ನಾನಕ್ಕೆ ಹೋಗಿದಾರಪ್ಪ" ಅನ್ನುತ್ತಾಳೆ. ಹಾರಂಗಿ ಅಣೆಕಟ್ಟಿನ ನೀರೆಲ್ಲ ನಿನ್ನ ಸ್ನಾನಕ್ಕೇ ಖರ್ಚಾದರೆ ಕುಶಾಲನಗರದ ರೈತರ ನಾಲೆಗೆ ಏನು ಬಿಡುತ್ತಾರೋ. ಮಗಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಆ ಗುಣ ನಿನ್ನ ಕಡೆಯಿಂದ ಬಂದದ್ದು.

ಇಲ್ಲಿ ಎಲ್ಲ ಕ್ಷೇಮ ಎಂದು ಬರೆದರೆ ನೀನು ಕಾಗದವನ್ನು ಅಲ್ಲಿಗೇ ಮಡಿಸಿಡುತ್ತೀಯ. ಕ್ಷೇಮವಾಗಿರುವುದನ್ನು ಮೊದಲು ಹೇಳಿಬಿಡುತ್ತೇನೆ. ಹೂಮಳೆ ಸಮಯಕ್ಕೆ ಸರಿಯಾಗಿ ಬಂತು. ತೋಟವೆಲ್ಲ ಬೆಳ್ಳಗೆ ಕಾಫಿ ಹೂವೆದ್ದು, ವಾಸನೆ ಅಡುಗೆಮನೆಯವರೆಗೂ ಬರುತ್ತಿತ್ತು. ಗೌರಿ ಹೆಣ್ಣುಗರು ಹಾಕಿದ್ದಾಳೆ, ನೊಸಲಲ್ಲಿ ಬಿಳಿ ಬೊಟ್ಟಿದೆ. ಗಿಣ್ಣು ಕಾಯಿಸಲು ನನಗೆ ಬರುವುದಿಲ್ಲವಲ್ಲ, ಹಾಲನ್ನು ಪಕ್ಕದ ಮನೆಗೆ ಕೊಟ್ಟೆ. ಯುಗಾದಿಗೆ ನಾನೇ ಬೇವುಬೆಲ್ಲ ಕಲಸಿದೆ. ಬೇವು ಜಾಸ್ತಿಯಾಯಿತು. ಕಹಿಯಾಗಿದೆ ಎಂದು ಬೈಯಲು ಮನೆಯಲ್ಲಿ ಯಾರೂ ಇರಲಿಲ್ಲ.

ಇನ್ನು ಕ್ಷೇಮವಲ್ಲದ್ದು. ಬಸ್‌ಸ್ಟ್ಯಾಂಡಿನಲ್ಲಿ ನನ್ನ ಫ್ಲೆಕ್ಸ್ ಹಾಕಿದ್ದಾರೆ. ಅಮೃತಾ ಮೊಬೈಲಿನಲ್ಲಿ ತೋರಿಸಿರುತ್ತಾಳೆ. ಚುನಾವಣೆಗೆ ನಿಲ್ಲಲು ಹೊರಟ ನಿತೇಶ್ ಅವರ ಮುಖ ಕುಂಬಳಕಾಯಿ ಗಾತ್ರ, ಕೆಳಗೆ ಮೂಲೆಯಲ್ಲಿ ನನ್ನದು ನಿಂಬೆಹಣ್ಣಿನಷ್ಟು. "ನೊಂದ ಬೆಳೆಗಾರ ಶ್ರೀ ರೇವಣ್ಣನವರು" ಎಂದು ಬರೆದಿದ್ದಾರೆ. ಫೋಟೋ ಅಮೃತಾಳ ಮದುವೆಯದು, ಶಿವಪ್ರಕಾಶ ಎಲ್ಲಿಂದಲೋ ಹುಡುಕಿ ಕೊಟ್ಟಿದ್ದಾನೆ. ತಲೆಗೆ ಜರಿ ಪೇಟ, ಬಾಯಿ ತುಂಬ ನಗು, ಹೆಗಲ ಮೇಲೆ ಬೀಗರ ಕೈ. ನೊಂದ ಮನುಷ್ಯ ಹೇಗಿರುತ್ತಾನೆ ಎಂದು ಊರಿಗೆ ಗೊತ್ತಾಗಲಿ. ಈ ಭಾನುವಾರ ಪೇಟೆಯಲ್ಲಿ ದೊಡ್ಡ ಸಮಾವೇಶ, ಮೊದಲ ಭಾಷಣ ನನ್ನದೇ. "ಕಣ್ಣೀರು ಬಂದ್ರೆ ಒರೆಸ್ಕೋಬೇಡ ಕಣೋ, ಕ್ಯಾಮೆರಾಗೆ ಕಾಣ್ಬೇಕು" ಎಂದು ಶಿವಪ್ರಕಾಶ ಹೇಳಿಕೊಟ್ಟು ಹೋಗಿದ್ದಾನೆ. ಜೊತೆಯಲ್ಲಿ ಶಾಲೆಗೆ ಹೋದವನು, ಪಕ್ಕದ ತೋಟದವನು, ಈಗ ನನಗೆ ಅಳುವುದನ್ನು ಕಲಿಸುತ್ತಿದ್ದಾನೆ.

ನಡೆದದ್ದು ನಿನಗೆ ಗೊತ್ತು. ಆದರೆ ನನ್ನ ಬಾಯಿಂದ ನೀನು ಕೇಳಿಲ್ಲ. ಆ ದಿನ ನಾನು ಬಾಯಿ ಬಿಡುವಷ್ಟರಲ್ಲಿ ನೀನು ಬಟ್ಟೆ ಜೋಡಿಸಿಕೊಂಡಾಗಿತ್ತು. ಅದಕ್ಕೇ ಮೊದಲಿನಿಂದ ಬರೆಯುತ್ತೇನೆ, ಸ್ವಲ್ಪ ಸಹಿಸಿಕೋ.

ನಿತೇಶ್ ಮಠದ ದಾಸೋಹದ ಹಾಲ್‌ಗೆ ಶೀಟು ಹಾಕಿಸಿದಾಗ ನೀನು ಅನುಮಾನಪಟ್ಟಿದ್ದೆ. "ಕ್ರಷರ್ ಇಟ್ಟವರಿಗೆ, ರಿಸಾರ್ಟ್ ಕಟ್ಟಿದವರಿಗೆ ನಮ್ಮೂರ ಊಟದ ಮನೆ ಮೇಲೆ ಇದೇನ್ರೀ ಪ್ರೀತಿ?" ಅಂದಿದ್ದೆ. ನಾನು ಏನು ಹೇಳಿದ್ದೆ ನೆನಪಿದೆಯಾ? "ಅವ್ರಿಗೇ ಬೇಕಾದಷ್ಟಿದೆ ಕಣೆ, ಅಂಥೋರು ಗೆದ್ರೆ ತಿನ್ನಲ್ಲ" ಅಂದಿದ್ದೆ. ಊರೆಲ್ಲ ಇದೇ ಮಾತು. ಚುನಾವಣೆ ಇನ್ನೂ ಎಲ್ಲೋ ಇದೆ, ಆಗಲೇ ಮನೆಮನೆಗೆ ಅವರ ಮುಖವಿರುವ ಗೋಡೆ ಗಡಿಯಾರ ಬಂತು. ನನ್ನ ಮಗನ ವಯಸ್ಸಿನವರನ್ನು ನಾನೂ ಬಾಯಿತುಂಬ "ನಿತೇಶಣ್ಣ" ಅನ್ನತೊಡಗಿದೆ. ಅದು ಯಾವತ್ತು ಶುರುವಾಯಿತೋ ನನಗೇ ಗೊತ್ತಾಗಲಿಲ್ಲ.

ನಿತೇಶ್ ಮಠದಲ್ಲಿ ಕರೆದಿದ್ದ ಬೆಳೆಗಾರರ ಸಭೆಗೆ ಹೋಗುವಾಗ ನಾನು ನೊಂದವನಾಗಿರಲಿಲ್ಲ, ವಿಶಾಲೂ. ನೀನೇ ನೋಡಿದ್ದೀಯ. ಕಾಫಿಗೆ ನಮ್ಮ ಜನ್ಮದಲ್ಲಿ ಕಾಣದ ಬೆಲೆ ಬಂದಿತ್ತು, ಹೊಸ ಜೀಪು ಅಂಗಳದಲ್ಲಿ ನಿಂತಿತ್ತು. ಹಾಡು ಗುನುಗಿಕೊಂಡು ಹೋದವನು ನಾನು. ಅಲ್ಲಿ ನಿತೇಶ್ ನಮಗಾದ ಅನ್ಯಾಯಗಳನ್ನು ಒಂದೊಂದೇ ಹೇಳತೊಡಗಿದರು. ಆನೆ ನಮ್ಮ ತೋಟಕ್ಕೇ ಬರುವುದು, ಆಳುಗಳು ಬಿಟ್ಟಿ ಅಕ್ಕಿ ತಿಂದು ಮನೆಯಲ್ಲಿ ಮಲಗುವುದು, ಬೆಳೆದವನನ್ನು ಕಳ್ಳನಂತೆ ನೋಡುವುದು, ಕಳ್ಳನನ್ನು ಬಡವ ಎಂದು ಸಾಕುವುದು. ಹಲ್ಲಿನ ಡಾಕ್ಟರು ಚೆನ್ನಾಗಿರುವ ಹಲ್ಲಿಗೂ ತಟ್ಟಿ ತಟ್ಟಿ "ಇಲ್ಲಿ ನೋವಾ, ಇಲ್ಲಿ ನೋವಾ" ಎಂದು ಕೇಳಿದರೆ ಕೊನೆಗೆ ಎಲ್ಲವೂ ನೋಯುತ್ತದೆಯಲ್ಲ, ಹಾಗಾಯಿತು. ಆಮೇಲೆ ತಮ್ಮ ಕ್ರಷರ್‌ಗೆ ಅಧಿಕಾರಿಗಳು ಕೊಟ್ಟ ಕಾಟ ಹೇಳುತ್ತ ಅವರೇ ಕಣ್ಣೊರೆಸಿಕೊಂಡರು. ಅಷ್ಟು ಸಿರಿವಂತನೇ ಅಳುವಾಗ ನಾನು ಸುಖವಾಗಿ ಕೂತಿರುವುದು ನನಗೇ ಸಣ್ಣತನ ಅನ್ನಿಸಿತು. "ಇಲ್ಲಿ ಯಾರಿಗೆ ಅನ್ಯಾಯ ಆಗಿಲ್ವೋ ಅವರು ಕೈ ಎತ್ತಿ" ಅಂದರು. ಹಾಲ್‌ನಲ್ಲಿ ಒಂದು ಕೈಯೂ ಏಳಲಿಲ್ಲ. ನನ್ನದೂ ಏಳಲಿಲ್ಲ.

ಆಗ ಮೈಕ್ ನನ್ನ ಕೈಗೆ ಬಂತು. ಏನು ಹೇಳಲಿ? ಹೇಳಿಕೊಳ್ಳಲು ನನಗೆ ಒಂದು ಕಷ್ಟವೂ ಇರಲಿಲ್ಲ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಬೆಳಿಗ್ಗೆ ನಮ್ಮ ಹಳೇ ಆಳು ದೊಡ್ಡಿ ತೋಟದ ಕೆಳಗಿನಿಂದ ಚೀಲ ಹೊತ್ತು ಹೋಗಿದ್ದು ಕಣ್ಣ ಮುಂದೆ ಬಂತು. "ನನ್ನ ತೋಟದಲ್ಲೇ ಹಗಲು ಹೊತ್ತೇ ಕಾಫಿ ಹೊರ್ತಾರೆ, ನೋಡ್ಕೊಂಡು ಸುಮ್ನಿರೋ ಗತಿ ಬಂದಿದೆ" ಅಂದೆ. ಹೆಂಗಸರು ಲೊಚಗುಟ್ಟಿದರು. ಹಿಂದಿನಿಂದ ಯಾರೋ "ಯಾರು ಅಂತ ಹೆಸ್ರು ಹೇಳಿ" ಅಂದರು. ಹೇಳಿದೆ. ನಿತೇಶ್ ವೇದಿಕೆ ಇಳಿದು ಬಂದು ನನ್ನನ್ನು ತಬ್ಬಿಕೊಂಡರು. ಅಷ್ಟು ವರ್ಷ ಬೆಳೆದು ತೋರಿಸಿದ್ದಕ್ಕೆ ಯಾರೂ ನನ್ನನ್ನು ತಬ್ಬಿಕೊಂಡಿರಲಿಲ್ಲ. ಕಳೆದುಕೊಂಡೆ ಎಂದು ಹೇಳಿದ ಕೂಡಲೇ ತಬ್ಬಿಕೊಂಡರು. ಅದು ಎಷ್ಟು ಹಿತವಾಗಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿನಗೆ ಗೊತ್ತಿರಲಿ.

ಅದೇ ಸಂಜೆ ನಿತೇಶ್ ಕಟ್ಟಿದ ಸಮಿತಿಯ ಹುಡುಗರು ಹಳ್ಳದಾಚೆ ಕಾಲೋನಿಗೆ ಹೋಗಿ, ದೊಡ್ಡಿಯ ಮನೆ ಮುಂದೆ ಒಣಗಲು ಹಾಕಿದ್ದ ಕಾಫಿಯನ್ನು ರಸ್ತೆಗೆ ಸುರಿದು, ಅವಳನ್ನು ಪಕ್ಕದಲ್ಲಿ ನಿಲ್ಲಿಸಿ ವಿಡಿಯೋ ಮಾಡಿ, "ಕಾಫಿ ಕಳ್ಳಿ" ಎಂದು ಎಲ್ಲ ಗ್ರೂಪಿಗೂ ಕಳಿಸಿದರು. ಪೊಲೀಸರು ಸ್ಟೇಷನ್ನಿಗೂ ಕರೆಸಿ ಕೂರಿಸಿ ಕಳಿಸಿದರು. ಅಮೃತಾಳನ್ನು ಎತ್ತಿ ಆಡಿಸಿದವಳು, ನಿನ್ನ ಬಾಣಂತನದಲ್ಲಿ ನೀರು ಕಾಯಿಸಿದವಳು, ಆ ವಿಡಿಯೋದಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡು ನಿಂತಿದ್ದಾಳೆ. ನಾನು ಅದನ್ನು ಪೂರ್ತಿ ನೋಡಿಲ್ಲ.

ನಮ್ಮ ತೋಟದ ಪದ್ಧತಿ ನಿನಗೆ ನಾನು ಹೇಳಬೇಕಾಗಿಲ್ಲ, ಆದರೆ ಅಳಿಯಂದಿರು ಈ ಕಾಗದ ಓದಿದರೆ ಅವರಿಗೂ ತಿಳಿಯಲಿ. ಕಾಫಿ ಪಿಕ್ಕಿಂಗ್ ಮುಗಿದ ಸಂಜೆ ಯಜಮಾನ ತೋಟದ ಕೆಳಗಿನ ಬಸವನ ಕಲ್ಲಿಗೆ ಕಾಯಿ ಒಡೆದು, ಹಳ್ಳದಾಚೆಗೂ ಕೇಳುವ ಹಾಗೆ "ತೋಟ ಬಿಟ್ಟಿದೆ" ಎಂದು ಕೂಗಬೇಕು. ಅಲ್ಲಿಂದ ಹೂಮಳೆ ಬೀಳುವವರೆಗೆ ಗಿಡದಲ್ಲಿ ಉಳಿದದ್ದು, ನೆಲಕ್ಕೆ ಉದುರಿದ್ದು ಎಲ್ಲ ಹಕ್ಕಲು, ಆರಿಸಿಕೊಂಡವರದ್ದು. ಕೂಗುವ ಮೊದಲು ಒಂದು ಹಣ್ಣು ಮುಟ್ಟಿದರೂ ಕಳವು. ಕೂಗಿದ ಮೇಲೆ ಯಜಮಾನನೂ ಕೇಳುವ ಹಾಗಿಲ್ಲ. ನಮ್ಮಪ್ಪ ಕೂಗಿದರೆ ಹಳ್ಳದಾಚೆಯ ನಾಯಿಗಳು ಬೊಗಳುತ್ತಿದ್ದವು.

ಮಾರನೆಯ ಬೆಳಿಗ್ಗೆ ದೊಡ್ಡಿ ನಮ್ಮ ಅಂಗಳಕ್ಕೆ ಬಂದಳು. "ತೋಟ ಬಿಟ್ಟಿತ್ತು ಅಂತ ಒಂದ್ ಮಾತು ಹೇಳ್ಬುಡಿ ಯಜಮಾನ್ರೆ, ಇನ್ನೇನೂ ಬ್ಯಾಡ" ಅಂದಳು. ನೀನು ಬಾಗಿಲಲ್ಲಿ ನಿಂತಿದ್ದೆ. "ಕೂಗಿದ್ರಾ ಇಲ್ವಾ, ಹೇಳ್ರೀ" ಎಂದು ಕೇಳಿದೆ. "ಈ ವರ್ಷ ಮರ್ತೇ ಹೋಯ್ತು, ಕೂಗ್ಲಿಲ್ಲ" ಅಂದೆ ನಾನು. ದೊಡ್ಡಿ ನನ್ನನ್ನೇ ನೋಡಿದಳು. ಜಗಳ ಮಾಡಲಿಲ್ಲ, ತಿರುಗಿ ಹೋದಳು. "ಕೂಗೋದು ಮರೆತೋರು ನೀವು, ಕಳ್ಳಿ ಆಗಿದ್ದು ಅವಳಾ?" ಎಂದು ನೀನು ಕೇಳಿದೆ. ಮಧ್ಯಾಹ್ನದ ಬಸ್ಸಿಗೆ ನೀನು ಹೊರಟೆ.

ನೀನು ಹೋದ ಮೇಲೆ ನನಗೆ ಮೊದಲು ಬಂದ ಯೋಚನೆ ಏನು ಗೊತ್ತಾ? ನನಗೆ ಅನ್ಯಾಯವಾಯಿತು, ಕಟ್ಟಿಕೊಂಡವಳೂ ನನ್ನ ಪರ ನಿಲ್ಲಲಿಲ್ಲ ಅಂತ. ಕೆಲವು ದಿನ ಅದನ್ನೇ ಮೆಲುಕು ಹಾಕುತ್ತ ಸುಖವಾಗಿದ್ದೆ. ಶಿವಪ್ರಕಾಶನ ಹತ್ತಿರ ಹೇಳಿಕೊಂಡರೆ "ಇದನ್ನೂ ಭಾನುವಾರದ ಭಾಷಣಕ್ಕೆ ಸೇರಿಸ್ಕೋ, ಹೆಂಗಸ್ರು ಕರಗ್ತಾರೆ" ಅಂದ. ನಿನ್ನನ್ನು ಮೈಕಿನ ಮುಂದೆ ತಂದು ನಿಲ್ಲಿಸುವ ಮಾತು ಕೇಳಿದಾಗ ಅವನನ್ನು ಅಲ್ಲೇ ಬಿಟ್ಟು ಎದ್ದು ಬಂದೆ. ದೊಡ್ಡಿಯನ್ನು ನಾನೇ ಹಾಗೆ ತಂದು ನಿಲ್ಲಿಸಿದಾಗ ಎದ್ದು ಬಂದಿರಲಿಲ್ಲ.

ಯುಗಾದಿಯ ಮಾರನೆಯ ದಿನ ಒಂದು ಚೀಲ ಕಾಫಿ ಜೀಪಿಗೆ ಹಾಕಿಕೊಂಡು ಅವಳ ಮನೆಗೆ ಹೋದೆ. ಮೆಣಸು ಕುಯ್ಯಲು ಈ ಸಲ ಯಾವ ತೋಟದವರೂ ಅವಳನ್ನು ಕರೆದಿಲ್ಲ. ಸೊಸೆ ಕಾಳಮ್ಮನನ್ನೂ ಕರೆದಿಲ್ಲ. ಇಬ್ಬರೂ ಹಗಲು ಹೊತ್ತಿನಲ್ಲಿ ಮನೆ ಮುಂದೆ ಕೂತಿದ್ದರು. ನಾನು ಚೀಲ ಇಳಿಸಿದರೆ ದೊಡ್ಡಿ ಅದನ್ನು ಮುಟ್ಟಲಿಲ್ಲ. "ಇದುನ್ನ ಒಳಗಿಟ್ಕಂಡ್ರೆ ಇದೂ ಕದ್ದಿದ್ದೇ ಅಂತಾರೆ. ತಗಂಡೋಗಿ" ಅಂದಳು. ನಿತೇಶಣ್ಣನಿಗೆ ಹೇಳಿ ಮನೆ ರಿಪೇರಿ ಮಾಡಿಸಿಕೊಡುತ್ತೇನೆ ಅಂದೆ. ಕಾಳಮ್ಮ ಒಳಗೆ ಗೋಡೆಯ ಕಡೆ ಕೈ ತೋರಿಸಿ "ಅವ್ರ್ ಕೊಟ್ಟಿದ್ ಗಡಿಯಾರ ಐತೆ, ಸಾಕು" ಅಂದಳು. ಕೂತುಕೋ ಅನ್ನಲಿಲ್ಲ ಇಬ್ಬರೂ. ನಾನು ಹೊರಡುವಾಗ ದೊಡ್ಡಿ ಒಂದು ಪ್ರಶ್ನೆ ಕೇಳಿದಳು. ಅದನ್ನು ಇಲ್ಲಿ ಬರೆಯಲು ಕೈ ಓಡುತ್ತಿಲ್ಲ, ಕೊನೆಗೆ ಬರೆಯುತ್ತೇನೆ.

ಚೀಲ ವಾಪಸು ತಂದು ಉಗ್ರಾಣದಲ್ಲಿ ಇಟ್ಟಿದ್ದೇನೆ. ಬೇರೆ ಚೀಲಗಳೆಲ್ಲ ಮಾರಿಹೋದವು, ಅದೊಂದು ಹಾಗೇ ನಿಂತಿದೆ. ಆ ಕಡೆ ಹೋಗಬೇಕಾದರೆ ಲೈಟು ಹಾಕದೆ ಹೋಗುತ್ತೇನೆ.

ನೀನು ಬಿಪಿ ಮಾತ್ರೆ ತಪ್ಪಿಸಬೇಡ. ನಿನ್ನ ಕನ್ನಡಕದ ಇನ್ನೊಂದು ಜೊತೆ ದೇವರ ಕೋಣೆಯ ಗೂಡಿನಲ್ಲೇ ಇತ್ತು, ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ. ಅಮೃತಾಗೂ ಅಳಿಯಂದಿರಿಗೂ ನನ್ನ ಆಶೀರ್ವಾದ ತಿಳಿಸು. ಅವರಿಗೆ ಮಾಡುವಷ್ಟು ಇನ್ನೂ ಉಳಿದಿದೆ ಅಂದುಕೊಂಡಿದ್ದೇನೆ. ಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ರೇವಣ್ಣ

ವಿ.ಸೂ.: ಮರೆತೆ ಎಂದು ಅಂಗಳದಲ್ಲಿ ನಿನಗೆ ಹೇಳಿದ್ದು ಸುಳ್ಳು. ಈ ವರ್ಷವೂ ಕೂಗಿದ್ದೆ. ಬಸವನ ಕಲ್ಲಿಗೆ ಕಾಯಿ ಒಡೆದೆ. ಇಷ್ಟು ಬೆಲೆ ಇರುವಾಗ ಕಾಲೋನಿಯವರೆಲ್ಲ ಹಕ್ಕಲಿಗೆ ನುಗ್ಗಿದರೆ ಏನು ಗತಿ ಎಂದು, ಕಲ್ಲಿಗೆ ಮಾತ್ರ ಕೇಳುವಷ್ಟು ಸಣ್ಣಗೆ "ತೋಟ ಬಿಟ್ಟಿದೆ" ಅಂದೆ. ಕಲ್ಲಿನ ಹಿಂದೆ ಖಾಲಿ ಚೀಲ ಮಡಚುತ್ತಿದ್ದ ದೊಡ್ಡಿ ತಲೆ ಎತ್ತಿ "ಕೇಳುಸ್ತು ಯಜಮಾನ್ರೆ" ಅಂದಳು. ಮಠದಲ್ಲಿ ಅವಳ ಹೆಸರು ಹೇಳುವಾಗ ಇದು ನನಗೆ ಚೆನ್ನಾಗಿ ನೆನಪಿತ್ತು. ನಿನಗೆ ಸುಳ್ಳು ಹೇಳುವಾಗಲೂ ನೆನಪಿತ್ತು.

ಚೀಲ ಕೊಡಲು ಹೋದಾಗ ಅವಳು ಕೇಳಿದ್ದು ಇಷ್ಟೇ: "ಮಠದಲ್ಲಿ ಅಷ್ಟು ಜೋರಾಗಿ ಹೇಳಿದ್ರಂತೆ. ಅವತ್ತು ಯಾಕೆ ಯಜಮಾನ್ರೆ ಅಷ್ಟು ಸಣ್ಣಕ್ಕೆ ಕೂಗಿದ್ರಿ?" ನಾನು ಚೀಲ ಎತ್ತಿಕೊಂಡು ಜೀಪು ಹತ್ತಿದೆ.

ಭಾನುವಾರ ಮೈಕ್ ಮೊದಲು ನನ್ನ ಕೈಗೇ ಬರುತ್ತದೆ. ನಾನು ತೋಟ ಬಿಟ್ಟಿದ್ದೆ, ದೊಡ್ಡಿ ಕದ್ದಿಲ್ಲ ಎಂದು ಹೇಳಬೇಕು ಅಂತಿದ್ದೇನೆ. ಶಿವಪ್ರಕಾಶನಿಗೆ ಗೊತ್ತಿಲ್ಲ. ಆದರೆ ಅಷ್ಟು ಜನರ ಮುಂದೆ ಅದನ್ನೂ ಸಣ್ಣಗೆ ಹೇಳಿ ಮುಗಿಸಿಬಿಡುತ್ತೇನೇನೋ ಎಂದು ನನಗೆ ನನ್ನ ಮೇಲೇ ಭಯ. ನೀನು ಬಾ. ಆಮೇಲೆ ನನ್ನ ಜೊತೆ ಮನೆಗೆ ಬರಲೇಬೇಕು ಅನ್ನುವುದಿಲ್ಲ. ಕೊನೆಯ ಸಾಲಿನಲ್ಲಿ ಕೂತುಕೋ. ಕೇಳಿಸದಿದ್ದರೆ ಕೈ ಎತ್ತು.