ಕವಳದ ಕೆಂಪು

ಅವ್ವಾ,

ವಸಡಿನ ರೋಗದ ಸಂಶೋಧನೆಗಾಗಿ ಇವತ್ತು ಬಿಳಗಿಗೆ ಹೋಗಿದ್ದೆ. ಅಲ್ಲಿ ಎಲೆಯಡಿಕೆ ಜಗಿಯುತ್ತಿದ್ದ ವೆಂಕಮ್ಮ ಎಂಬ ಮುದುಕಿಯನ್ನು, ಹಲ್ಲುಜ್ಜುವಾಗ ರಕ್ತ ಬರುತ್ತದೆಯೇ ಎಂದು ಕೇಳಿದೆ.

"ಕವಳ ಹಾಕೂ ಬಾಯಿ ತಂಗಿ, ಉಗುಳಿದ್ದೆಲ್ಲ ಕೆಂಪೇ. ಅದ್ರಲ್ಲಿ ರಕ್ತ ಯಾವ್ದು ಅಂತ ಹ್ಯಾಂಗೆ ಹೇಳೂದು?" ಎಂದರು.

ಅವರು ಮುಕ್ಕಳಿಸಿ ಉಗುಳಿದ ನೀರು ತಿಳಿಯಾಗುವವರೆಗೆ ಕಾದು, ವಸಡಿಗೆ ಹತ್ತಿ ಒತ್ತಿದೆ. ಹತ್ತಿ ಕೆಂಪಾಯಿತು.

ಮನೆಗೆ ಬಂದು ಹಳೆಯ ಕಡತ ತೆಗೆದೆ. ಕಾಲೇಜಿನಲ್ಲಿದ್ದಾಗ ನಾನು ತುಂಬಿದ ಮೊದಲ ಫಾರಂ ನಿನ್ನದು. ಇದೇ ಪ್ರಶ್ನೆಗೆ ನೀನು ಎಲೆಯಡಿಕೆ ಜಗಿಯುತ್ತಲೇ "ಎಂತದೂ ಇಲ್ಲ ಮಗಾ" ಅಂದಿದ್ದೆ. ಹಲ್ಲೆಲ್ಲ ಉದುರಿ, ಕೊನೆಯ ಎರಡು ವರ್ಷ ನೀನು ಗಂಜಿಯನ್ನಷ್ಟೇ ಕುಡಿದೆ.

ರಕ್ತ 'ಇಲ್ಲ' ಎಂದು ದುಂಡಗೆ ಬರೆದಿದ್ದೇನೆ. ಕೆಳಗೆ, 'ಬಾಯಿ ಪರೀಕ್ಷಿಸಿದವರು' ಎಂಬಲ್ಲಿ ನನ್ನ ಸಹಿ ಇದೆ.