ನೀವು ತಂದ ಕುರಿಯ ವಿಚಾರ

ರೀ,

ಕೀಲುನೋವಿನ ಪರೀಕ್ಷೆಗೆ ರಕ್ತ ಕೊಡಲು ಜಟಕಾದಲ್ಲಿ ದಂಡಿನ ಆಸ್ಪತ್ರೆಗೆ ಹೊರಟೆ. ನೀವು ಹಿತ್ತಲಲ್ಲಿ ಕಟ್ಟಿರುವ ಕುರಿಯನ್ನು ಅಲ್ಲಿಗೆ ಎಳೆದುಕೊಂಡು ಬರಬೇಡಿ! "ಪರೀಕ್ಷೆಗೆ ಕುರಿ ರಕ್ತ ಬೇಕಾಗುತ್ತೆ" ಅಂತ ಡಾಕ್ಟರು ಹೇಳಿದ್ದು ನಿಜ. ಆದರೆ ನಾಲ್ಕು ಹನಿ ಸಾಕು, ಅದು ಅವರಲ್ಲೇ ಇದೆ. ಗಾಜಿನ ಕೊಳವೆಯಲ್ಲಿ ಅದಕ್ಕೆ ನನ್ನ ರಕ್ತದ ತಿಳಿ ಬೆರೆಸುತ್ತಾರೆ. ಗಂಟುಗಂಟಾದರೆ, ನನ್ನ ರಕ್ತವೇ ನನ್ನ ಕೀಲುಗಳ ಮೇಲೆ ಜಗಳಕ್ಕೆ ನಿಂತಿದೆ ಎಂಬ ಅನುಮಾನ ಬಲವಾಗುತ್ತದಂತೆ. ಅಷ್ಟಕ್ಕೇ ತೀರ್ಮಾನವಲ್ಲ, ಊದಿದ ಬೆರಳುಗಳನ್ನೂ ನೋಡಿಯೇ ಹೇಳುತ್ತಾರೆ. ಹೆದರಬೇಡಿ.

ಸಾರು ಒಲೆಯ ಮೇಲಿದೆ. ನನ್ನ ಬೆರಳು ಮಡಚುತ್ತಿಲ್ಲ, ಮುದ್ದೆ ನೀವೇ ತೊಳಸಿಕೊಳ್ಳಿ. ಅದು ಗಂಟಾದರೆ ಮಾತ್ರ ತಪ್ಪು ನಿಮ್ಮದೇ.

ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಒಂದು ಮೊಳ ಮಲ್ಲಿಗೆ ತಂದವರಲ್ಲ, ನನಗೋಸ್ಕರ ಇಡೀ ಕುರಿಯನ್ನೇ ತಂದಿರಿ. ಕೊಯ್ದೀರಿ, ಜೋಕೆ! ಅದು ನನ್ನದು.

ಆಂಜನಮ್ಮ